ಎಮ್ಮೆ ಬಂತು

ನಡೆಯುವಾಗ ನನ್ನ ಬಲಗೈಗೆ ಒಂದೇ ಕೆಲಸ. ಮಗುವಾಗಿದ್ದಾಗ ಪೋಲಿಯೊ ಬಂದು ಬಲಗಾಲು ಸೊರಗಿತು. ಹೆಜ್ಜೆ ಇಡುವಾಗ ಮೊಣಕಾಲು ಮಡಚಿಕೊಳ್ಳದಂತೆ ಅಂಗೈಯಿಂದ ಅದನ್ನು ಒತ್ತಿ ಹಿಡಿಯಬೇಕು. ಒತ್ತು, ಹೆಜ್ಜೆ, ಒತ್ತು, ಹೆಜ್ಜೆ. ದಾವಣಗೆರೆಯ ಹೆಣ್ಣುಮಕ್ಕಳ ಹಾಸ್ಟೆಲೊಂದರಲ್ಲಿ ವಾರ್ಡನ್ ಆಗಿ ನಿವೃತ್ತಳಾಗುವವರೆಗೂ ಹೀಗೆಯೇ ನಡೆದು ಗಂಟೆ ಹೊಡೆಸಿದೆ, ದೀಪ ಆರಿಸಿದೆ, ಹುಡುಗಿಯರನ್ನು ಹೊತ್ತಿಗೆ ಸರಿಯಾಗಿ ಎಬ್ಬಿಸಿದೆ.

ನಿವೃತ್ತಿಯಾದ ಮೇಲೆ ಕಾರು ಕಲಿಯಲು ಹೊರಟದ್ದಕ್ಕೆ ಹರಿಹರದಲ್ಲಿರುವ ನನ್ನ ಅಕ್ಕ ಕಾರಣ. ಅವಳಿಗೆ ಕೊಂಡಜ್ಜಿ ಕೆರೆಯ ದಂಡೆಯಲ್ಲಿ ಕೂತು ಸಮಾಧಾನವಾಗಿ ಮಂಡಕ್ಕಿ ತಿನ್ನುವ ಆಸೆ. ಮಗನ ಗಾಡಿಯಲ್ಲಿ ಹೋಗಬಹುದಿತ್ತು; ಹೋಗಿಯೂ ಬಂದಿದ್ದಳು.

"ಅವ್ನು ಕೂತ ಕೂಡ್ಲೇ ಹೊತ್ತಾತು ಏಳವ್ವ ಅಂತಾನೆ. ನೀನು ಕಲಿ, ಇಬ್ರೇ ಹೋಗಾಣ. ಆದ್ರೆ ನೀನೂ ಹೊತ್ತಾತು ಅನ್ನಂಗಿಲ್ಲ ನೋಡು" ಎಂದಳು.

ಹೊತ್ತಾಯಿತು ಎನ್ನುವುದಕ್ಕೇ ಸಂಬಳ ಪಡೆದವಳು ನಾನು. ಆದರೂ ಒಪ್ಪಿಕೊಂಡೆ.

ಕ್ಲಚ್ ಇಲ್ಲದ ಆಟೊಮ್ಯಾಟಿಕ್ ಕಾರು ಕೊಂಡು, ಕಾಲಿನ ಕೆಲಸವನ್ನು ಕೈಯೇ ಮಾಡುವಂತೆ ಸ್ಟೀರಿಂಗಿನ ಬಲಕ್ಕೆ ಒಂದು ಲಿವರ್ ಹಾಕಿಸಿದೆ. ಹಿಂದಕ್ಕೆ ಎಳೆದರೆ ಗಾಡಿ ಓಡುತ್ತದೆ, ಮುಂದಕ್ಕೆ ತಳ್ಳಿದರೆ ನಿಲ್ಲುತ್ತದೆ. ಎಡಗೈಗೆ ಸ್ಟೀರಿಂಗು, ಬಲಗೈಗೆ ಲಿವರ್. ಇಷ್ಟು ಅಚ್ಚುಕಟ್ಟಾದ ಕೆಲಸವನ್ನು ಕಲಿಯಲು ಎಷ್ಟು ದಿನ ಬೇಕು ಎಂದುಕೊಂಡೆ.

ಡ್ರೈವಿಂಗ್ ಕಲಿಸುವಾತ ನನ್ನ ಹಾಸ್ಟೆಲಿನ ಹುಡುಗಿಯರಷ್ಟೇ ವಯಸ್ಸಿನವನು. ಬೆಳಿಗ್ಗೆ ಬೇಗ ಆನೆಕೊಂಡದ ಕಡೆಯ ಖಾಲಿ ಬಯಲಿಗೆ ಕರೆದುಕೊಂಡು ಹೋಗುತ್ತಿದ್ದ. ಮೊದಲ ಪಾಠಗಳು ಚೆನ್ನಾಗಿಯೇ ನಡೆದವು. ಕನ್ನಡಿ ಸರಿಮಾಡು, ಬೆಲ್ಟ್ ಹಾಕು, ಹಿಂದೆ ನೋಡು, ಹೊರಡು. ಕ್ರಮ ಎಂದರೆ ನನಗೆ ಎಂದೂ ಕಷ್ಟವಲ್ಲ.

ಒಂದು ದಿನ ಮುಳ್ಳುಗಿಡದ ಮರೆಯಿಂದ ಎಮ್ಮೆಯೊಂದು ಗಾಡಿಯ ಮುಂದಕ್ಕೆ ಬಂತು. ನಾನು ಬೆಚ್ಚಿದೆ. ಬೆಚ್ಚಿದಾಗ ನನ್ನ ಕೈ ಚಿಕ್ಕಂದಿನಿಂದ ಏನು ಮಾಡಿದೆಯೋ ಅದನ್ನೇ ಮಾಡಿತು: ಲಿವರ್ ಬಿಟ್ಟು ಮೊಣಕಾಲನ್ನು ಗಟ್ಟಿಯಾಗಿ ಹಿಡಿದುಕೊಂಡಿತು. ಬ್ರೇಕ್ ಹಿಡಿಯದಿದ್ದರೆ ಆಟೊಮ್ಯಾಟಿಕ್ ಗಾಡಿ ನಿಲ್ಲದು; ಅದು ತನ್ನ ಪಾಡಿಗೆ ತಾನು ಎಮ್ಮೆಯ ಕಡೆಗೆ ತೆವಳಿತು. ಪಕ್ಕದಲ್ಲಿದ್ದವನು ಹ್ಯಾಂಡ್ ಬ್ರೇಕ್ ಎಳೆದ.

"ಅಮ್ಮಾರೆ, ಬ್ರೇಕು ಲಿವರಿನಾಗೈತ್ರಿ. ಮೊಣಕಾಲಾಗಿಲ್ಲ."

"ಗೊತ್ತಪ್ಪಾ, ಗೊತ್ತು."

"ನಿಮಗ್ ಗೊತ್ತೈತ್ರಿ. ಕೈಗೆ ಗೊತ್ತಿಲ್ಲ."

ಮರುದಿನ ನಾಯಿ ಅಡ್ಡ ಬಂದಾಗಲೂ ಹಾಗೆಯೇ ಆಯಿತು. ಅದರ ಮರುದಿನ ಯಾರೋ ಹಾರ್ನ್ ಹೊಡೆದದ್ದಕ್ಕೇ ಕೈ ಕೆಳಗೆ ಹೋಯಿತು. ಅವನು ಗಾಡಿ ನಿಲ್ಲಿಸಿ ನೇರವಾಗಿ ಹೇಳಿದ: "ಬ್ಯಾಸರ ಮಾಡ್ಕಬ್ಯಾಡ್ರಿ. ಈ ಕೈ ಹಿಂಗೇ ಇದ್ರೆ ನಿಮ್ಮನ್ನ ಟೆಸ್ಟಿಗೂ ಕರ್ಕೊಂಡ್ ಹೋಗಲ್ಲ, ರೋಡಿಗೂ ಬಿಡಲ್ಲ." ಅವನು ಹೇಳಿದ್ದು ನ್ಯಾಯವಾಗಿತ್ತು. ನಾನಾಗಿದ್ದರೂ ಬಿಡುತ್ತಿರಲಿಲ್ಲ.

ರಾತ್ರಿ ಫೋನಿನಲ್ಲಿ ಅಕ್ಕನಿಗೆ ಹೇಳಿದೆ. ಅವಳು ಬಿದ್ದು ಬಿದ್ದು ನಕ್ಕಳು. ಮರುದಿನ ಮಧ್ಯಾಹ್ನ ಬಟ್ಟೆಯ ಚೀಲದೊಂದಿಗೆ ನನ್ನ ಮನೆಬಾಗಿಲಲ್ಲಿ ನಿಂತಿದ್ದಳು.

"ಅಷ್ಟು ಹುಡುಗೀರನ್ನ ಗಂಟೆ ಹೊಡ್ದು ತಿದ್ದಿದಿ. ಒಂದು ಕೈ ತಿದ್ದಕ್ಕಾಗಲ್ಲ? ಕೂಡ್ರು."

ನನ್ನನ್ನು ಕುರ್ಚಿಯ ಮೇಲೆ ಕೂರಿಸಿ, ಬಲಗೈಗೆ ಲಟ್ಟಣಿಗೆ ಕೊಟ್ಟಳು. ಅದೇ ಲಿವರ್. ಅವಳು ಎಮ್ಮೆ ಬಂತು ಎಂದು ಕೂಗಿದ ಕೂಡಲೇ ನಾನು ಅದನ್ನು ಮುಂದಕ್ಕೆ ತಳ್ಳಬೇಕು. ನಾನು ಒಂದೇ ನಿಯಮ ಸೇರಿಸಿದೆ: ನಡೆಯುವಾಗ ಕೂಗಬಾರದು. ಆಗ ಕೈ ಮೊಣಕಾಲಿನ ಮೇಲಿರಲೇಬೇಕು, ಇಲ್ಲದಿದ್ದರೆ ಬೀಳುತ್ತೇನೆ. ಕೂತಾಗ ಮಾತ್ರ. ಬೆಳಿಗ್ಗೆ ಕಾಫಿಗೆ ಮುಂಚೆ ಸ್ವಲ್ಪ ಹೊತ್ತು, ಸಂಜೆ ಸ್ವಲ್ಪ ಹೊತ್ತು ಎಂದು ವೇಳೆಯನ್ನೂ ಗೊತ್ತುಮಾಡಿದೆ.

ಅಕ್ಕ ನಿಯಮ ಪಾಲಿಸಿದಳು, ವೇಳೆ ಪಾಲಿಸಲಿಲ್ಲ. ಪೇಪರ್ ಓದುವಾಗ, ಹೂ ಕಟ್ಟುವಾಗ, ದೇವರ ಮುಂದೆ ಕಣ್ಣು ಮುಚ್ಚಿ ಕೂತಾಗ, ಎಲ್ಲಿಂದಲೋ "ಎಮ್ಮೆ ಬಂತು!" ಪಕ್ಕದಲ್ಲೇ ಇಟ್ಟುಕೊಂಡ ಲಟ್ಟಣಿಗೆಯ ಬದಲು ಕೈ ಮೊಣಕಾಲಿಗೆ ಹೋದರೆ "ಹೋತು, ಎಮ್ಮೆ ಹೋತು, ಪಾಪ" ಎಂದು ಅಳುವ ದನಿ ತೆಗೆಯುತ್ತಿದ್ದಳು. ಪಕ್ಕದ ಮನೆಯಾಕೆ ಕಾಂಪೌಂಡಿನ ಮೇಲಿಂದ ಇಣುಕಿ, "ಯಾಕ್ರೀ, ಹಿತ್ಲಾಗೆ ಎಮ್ಮೆ ನುಗ್ಗೈತಾ?" ಎಂದು ಕೇಳಿದರು.

"ಎಮ್ಮೆ ಅಲ್ರೀ, ನಮ್ಮಕ್ಕ" ಎಂದೆ.

ಒಂದು ಮಧ್ಯಾಹ್ನ ಇಬ್ಬರೂ ಎದುರುಬದುರು ಊಟಕ್ಕೆ ಕೂತಿದ್ದೆವು. ನಾನು ಅವಳ ತಟ್ಟೆಗೆ ಸಾರು ಬಡಿಸಲು ಸೌಟು ಎತ್ತಿದೆ. ಅವಳಿಗೆ ತಡೆಯಲಾಗಲಿಲ್ಲ, ಕೂಗಿಬಿಟ್ಟಳು. ಕೈ ಕೆಳಗೆ ಹೋಗಲಿಲ್ಲ. ಸೌಟಿನ ಸಮೇತ ನೆಟ್ಟಗೆ ಮುಂದಕ್ಕೆ ಹೋಯಿತು. ಸಾರು ಅರ್ಧ ಅಕ್ಕನ ಸೀರೆಯ ಮೇಲೆ, ಅರ್ಧ ಹಿಂದಿನ ಗೋಡೆಯ ಮೇಲೆ.

ಅಕ್ಕ ಕೆನ್ನೆಗೆ ಅಂಟಿದ ಕೊತ್ತಂಬರಿ ಎಲೆಯನ್ನೂ ತೆಗೆಯದೆ ಚಪ್ಪಾಳೆ ತಟ್ಟಿದಳು. "ಪಾಸು! ಲೇ, ಪಾಸಾದಿ!"

ನಿಜವಾದ ಪಾಸು ಮುಂದಿನ ತಿಂಗಳು ಆಯಿತು. ಪರೀಕ್ಷೆ ಮಾಡುವ ಅಧಿಕಾರಿ ಪಕ್ಕದಲ್ಲಿ ಕೂತು, ಸುತ್ತು ಹಾಕಿಸಿ, ಹಿಂದಕ್ಕೆ ತೆಗೆಸಿ, ನಾನು ಎಣಿಸಿರದ ಹೊತ್ತಿನಲ್ಲಿ "ನಿಲ್ಸಿ!" ಎಂದರು. ಗಾಡಿ ನಿಂತಿತು.

"ಕೈ ಚುರುಕೈತಲ್ರೀ. ಎಲ್ಲಿ ಕಲಿತ್ರಿ?"

"ಊಟದ ಮನೆಯಾಗ್ರಿ" ಎಂದೆ. ಅವರಿಗೆ ಅರ್ಥವಾಗಲಿಲ್ಲ, ಸಹಿ ಮಾತ್ರ ಹಾಕಿದರು.

ಲೈಸೆನ್ಸ್ ಬಂದ ಮೇಲಿನ ಮೊದಲ ಭಾನುವಾರ ಒಬ್ಬಳೇ ಹೊರಟೆ. ದಾರಿಯಲ್ಲಿನ ಬಾತಿ ಊರು ದಾಟುವವರೆಗೆ ರಸ್ತೆ, ಕನ್ನಡಿ ಬಿಟ್ಟು ಬೇರೇನೂ ನೋಡಲಿಲ್ಲ, ಆಮೇಲೆ ಹಾಡು ಗುನುಗುತ್ತಿದ್ದೆ. ಹರಿಹರದಲ್ಲಿ ಅಕ್ಕ ಮಂಡಕ್ಕಿ ಡಬ್ಬಿ ಹಿಡಿದು ಗೇಟಿನಲ್ಲೇ ಕಾದಿದ್ದಳು. ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟು, ನಾನು ಅವುಗಳ ಮೇಲೆ ಗಾಡಿ ಹಾಯಿಸಿದ ಮೇಲೆಯೇ ಹತ್ತಿದಳು. ನಾನು ಕನ್ನಡಿ, ಬೆಲ್ಟ್, ಬಾಗಿಲು ಎಂದು ಒಂದೊಂದೇ ನೋಡುತ್ತಿದ್ದರೆ, "ಆತಾ ನಿನ್ನ ಪೂಜೆ?" ಎಂದಳು.

ಕೊಂಡಜ್ಜಿಯ ಹತ್ತಿರ ರಸ್ತೆಯ ತಿರುವಿನಲ್ಲಿ ನಿಜವಾಗಿಯೂ ಬಂದವು. ಒಂದಲ್ಲ, ಒಂದು ಹಿಂಡು. ಕೆರೆಯಲ್ಲಿ ಮಿಂದು ಮೈಯೆಲ್ಲ ಹೊಳೆಯುತ್ತಿದ್ದ ಎಮ್ಮೆಗಳು ರಸ್ತೆಯ ತುಂಬ ಹರಡಿಕೊಂಡಿದ್ದವು. ಯಾರೂ ಕೂಗಲಿಲ್ಲ. ಗಾಡಿ ಮಾತ್ರ ನಿಂತಿತ್ತು, ಮುಂದಿನ ಎಮ್ಮೆಗೂ ನಮಗೂ ಬೇಕಾದಷ್ಟು ಜಾಗ ಬಿಟ್ಟು.

ಆಗ ನನ್ನ ಬಲ ಮೊಣಕಾಲಿನ ಮೇಲೆ ಬಿಗಿಯಾಗಿ ಒತ್ತಿದ ಕೈಯೊಂದು ಇರುವುದು ಗೊತ್ತಾಯಿತು. ಕೆಳಗೆ ನೋಡಿದೆ. ನನ್ನ ಕೈ ಲಿವರನ್ನು ತಳ್ಳಿ ಹಿಡಿದಿತ್ತು. ಮೊಣಕಾಲಿನ ಮೇಲಿದ್ದದ್ದು ಬಳೆಗಳ ಕೈ. ಅಕ್ಕ ಎಡ ಸೀಟಿನಿಂದ ನನ್ನ ಮೇಲೆ ಅಡ್ಡ ಬಾಗಿ, ಕಣ್ಣು ಮುಚ್ಚಿ ಅದನ್ನು ಹಿಡಿದುಕೊಂಡಿದ್ದಳು.

"ಅಕ್ಕಾ, ಬ್ರೇಕು ಮೊಣಕಾಲಾಗಿಲ್ಲ."

ಒಂದು ಕಣ್ಣು ತೆರೆದಳು. "ನಿಂತೈತಾ?"

"ಆಗ್ಲೇ ನಿಂತೈತಿ. ಕೈ ತೆಗಿ."

"ಇರ್ಲಿ ತಡಿ" ಎಂದಳು ಅಕ್ಕ, ಕೈ ತೆಗೆಯದೆ. "ಎಮ್ಮೆ ಎಲ್ಲಾ ಹೋಗ್ಲಿ. ನಮಗೇನು ಹೊತ್ತಾಗೈತಾ?"