ತಂಗಿಯ ಪೆಟ್ಟಿಗೆಗೆ ನಾನು ಹಾಕಿದ ತಂತಿ

ಹೋದ ವರ್ಷ ಮಾಗಿಯ ಚಳಿಯಲ್ಲಿ, ಮಧುವನಹಳ್ಳಿಯ ಒಂದು ರೇಷ್ಮೆ ಹುಳು ಮನೆಯಲ್ಲಿ ನಡೆದದ್ದು ಇದು.

ನಾನು ಎಂಟನೇ ತರಗತಿಗೆ ಶಾಲೆ ಬಿಟ್ಟವನು. ಕೊಳ್ಳೇಗಾಲದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದೇನೆ. ತಂಗಿ ಸವಿತಾ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿದವಳು. ಹುಳು ಮನೆಯ ಶಾಖ ನೋಡಿಕೊಂಡು ತಾನೇ ಹೀಟರ್ ಹಾಕಿ ಆರಿಸುವ ಪೆಟ್ಟಿಗೆಯೊಂದನ್ನು ಅವಳೇ ಡಿಸೈನ್ ಮಾಡಿದ್ದಳು. ಒಳಗೆ ಚಿಕ್ಕ ಪ್ರೊಸೆಸರ್, ಪಕ್ಕದಲ್ಲಿ ಒಂದು ಯುಎಸ್‌ಬಿ ಪೋರ್ಟ್. ಶಾಖದ ವಿವರವನ್ನು ಪೆನ್‌ಡ್ರೈವ್‌ಗೆ ತುಂಬಿಕೊಳ್ಳಲು ಆ ಪೋರ್ಟ್, ಅಷ್ಟೇ.

ಮೊದಲ ಪೆಟ್ಟಿಗೆ ಮಧುವನಹಳ್ಳಿಯ ಶಿವಮಲ್ಲಪ್ಪನವರ ಹುಳು ಮನೆಗೆ ಹೋಯಿತು. ಅಲ್ಲಿ ಒಂದು ಬೆಳೆ ಸರಿಯಾಗಿ ನಡೆದರೆ ತಾವೂ ತೆಗೆದುಕೊಳ್ಳುತ್ತೇವೆ ಎಂದು ಯಳಂದೂರು ಕಡೆಯ ಸಾಕಣೆದಾರರು ಹೇಳಿದ್ದರು. ಸವಿತಾ ಅದನ್ನೇ ನೆಚ್ಚಿಕೊಂಡಿದ್ದಳು.

ಜೋಡಿಸಲು ನಾನೊಬ್ಬನೇ ಹೋಗಿದ್ದೆ. ಶಿವಮಲ್ಲಪ್ಪ ಪೋರ್ಟಿಗೆ ಫೋನ್ ಚುಚ್ಚಿ ನೋಡಿ, "ಏನ್ಲಾ ಇದು, ಚಾರ್ಜೇ ಅತ್ತಾ ಇಲ್ಲ! ನಿನ್ ತಂಗಿ ಈ ತೂತ ಯಾಕ್ಲಾ ಮಡಗಿದಳು, ಇರುವೆ ಗೂಡ್ ಕಟ್ಟಕಾ?" ಎಂದು ನಕ್ಕರು. ಕೆಲಸದವರೂ ನಕ್ಕರು. ನನಗೆ ಅವಮಾನವಾಯಿತು.

ಯಾರಾದರೂ ಹೆಚ್ಚು ಕರೆಂಟು ಎಳೆದರೆ ಪೋರ್ಟನ್ನಷ್ಟೇ ಆರಿಸಿ ಪ್ರೊಸೆಸರನ್ನು ಕಾಪಾಡುವ ಸಣ್ಣ ಚಿಪ್ಪೊಂದನ್ನು ಸವಿತಾ ಅಲ್ಲಿ ಕೂರಿಸಿದ್ದಳು. "ಅಣ್ಣ, ಇದೊಂದ ಮುಟ್ಬ್ಯಾಡ" ಎಂದು ಹೇಳಿಯೂ ಇದ್ದಳು. ನಾನು ಮುಟ್ಟಿದೆ. ಅಂಗಡಿಯಲ್ಲಿ ಕೆಟ್ಟ ಫೋನುಗಳಿಗೆ ಮಾಡುವಂತೆ, ಆ ಚಿಪ್ಪನ್ನು ದಾಟಿಸಿ ಒಂದು ಜಂಪರ್ ತಂತಿ ಬೆಸೆದುಬಿಟ್ಟೆ. ಚಾರ್ಜ್ ಹತ್ತಿತು.

"ಈಗ್ ಸರೋಯ್ತು ನೋಡು! ನೀನೇ ಇಂಜಿನಿಯರ್ ಕಣಪ್ಪ" ಎಂದರು. ನಾನು ಉಬ್ಬಿಹೋದೆ. ಮನೆಯಲ್ಲಿ ಮಾತೆತ್ತಲಿಲ್ಲ.

ಹುಳು ಗೂಡು ಕಟ್ಟುವುದಕ್ಕೆ ಇನ್ನು ಸ್ವಲ್ಪ ದಿನವಿರುವಾಗ ಒಂದು ಬೆಳಿಗ್ಗೆ ಕರೆ ಬಂತು. ಇಬ್ಬರೂ ಓಡಿದೆವು. ಪೋರ್ಟಿನಲ್ಲಿ ಫೋನ್ ಇನ್ನೂ ನೇತಾಡುತ್ತಿತ್ತು. ಪೆಟ್ಟಿಗೆ ಸತ್ತಿತ್ತು, ಹೀಟರ್ ಆರಿತ್ತು. ಹುಳುಗಳು ಸೊಪ್ಪು ಮುಟ್ಟದೆ ಮುದುಡಿ ಬಿದ್ದಿದ್ದವು.

"ಎಣ್ಮಗಳು ಮಾಡಿದ ಮಿಸಿನ್ನು ಅಂದಾಗ್ಲೇ ಬ್ಯಾಡ ಅನ್ಬೇಕಾಗಿತ್ತು ನಾನು. ಓಗವ್ವ, ಮನೆ ಮುಂದೆ ರಂಗೋಲಿ ಬುಡೋಗು!" ಎಂದು ಶಿವಮಲ್ಲಪ್ಪ ಕೂಗಾಡಿದರು. ನೋಡಲು ಬಂದಿದ್ದ ಯಳಂದೂರಿನವರು ಹೌದೆಂದು ತಲೆಯಾಡಿಸಿದರು. ಏನಾಯಿತು ಎಂದು ಒಬ್ಬರಾದರೂ ಕೇಳಬೇಡವೇ? ಫೋನ್ ಚುಚ್ಚಿದವರು ಶಿವಮಲ್ಲಪ್ಪ. ತಂತಿ ಹಾಕಿದವನು ನಾನು. ಬೈಸಿಕೊಂಡವಳು ಅವಳು.

ಸವಿತಾ ಮುಚ್ಚಳ ಬಿಚ್ಚಿದಳು. ಪ್ರೊಸೆಸರ್ ಸುಟ್ಟು ಕರಕಲಾಗಿತ್ತು. ನನ್ನ ಬೆಸುಗೆ ಅವಳಿಗೆ ತಿಳಿಯದೇ? ನನ್ನನ್ನೊಮ್ಮೆ ನೋಡಿ ಮುಚ್ಚಳ ಹಾಕಿದಳು.

ಬಸ್ಸಿನಲ್ಲಿ ಹೇಳಿದಳು: "ನಂಗೆ ಬ್ಯಾಜಾರು ತಂತಿ ಆಕುದ್ದಕ್ಕಲ್ಲ ಕಣಣ್ಣ. ಅವ್ರು ಅಂಗೆಲ್ಲಾ ಅಂತಿದ್ರೆ ನೀನು ಚಪ್ಪಲಿ ನೋಡ್ಕಂಡು ನಿಂತಿದ್ದಲ್ಲ, ಅದ್ಕೆ."

ಮಾರನೆಯ ದಿನ ಒಬ್ಬನೇ ಮಧುವನಹಳ್ಳಿಗೆ ಹೋದೆ. "ಸಾ, ಅವಳ ಡಿಸೈನ್ ಸರಿಯಾಗೇ ಇತ್ತು. ನಾನ್ ಆಕಿದ್ ತಂತಿಯಿಂದ್ಲೇ ಸುಟ್ಟೋಗಿದ್ದು" ಎಂದೆ.

ಶಿವಮಲ್ಲಪ್ಪ ನನ್ನ ಬೆನ್ನು ತಟ್ಟಿದರು. "ನಿನ್ ತಂತಿ ಚೆಂದಾಗೇ ಕೆಲ್ಸ ಮಾಡ್ತು ಬುಡಪ್ಪ. ಒಂದು ಫೋನ್ ತಡಿಯಕಾಗ್ದೆ ಕೆಟ್ಟೋದದ್ದು ಅವಳ ಮಿಸಿನ್ನು. ತಂಗಿ ಮಾನ ಉಳ್ಸಕೆ ತಪ್ಪ ಮೈಮ್ಯಾಲೆ ಆಕ್ಕಂತಿದ್ದೀಯೆ. ಅಣ್ಣ ಅಂದ್ರೆ ನಿನ್ನಂಗಿರ್ಬೇಕು ಕಣ್ಲಾ!" ಆಣೆ ಮಾಡಿ ಹೇಳಿದರೂ ನಂಬಲಿಲ್ಲ. ಕಾಫಿ ತರಿಸಿ ಕುಡಿಸಿದರು.

ಯಳಂದೂರಿಗೂ ಹೋಗಿ ಹೇಳಿದೆ. ನಾನು ತಲುಪುವ ಮೊದಲೇ ನನ್ನ ಒಳ್ಳೆಯತನದ ಸುದ್ದಿ ಅಲ್ಲಿಗೆ ತಲುಪಿತ್ತು. ಒಬ್ಬರೂ ಪೆಟ್ಟಿಗೆ ತೆಗೆದುಕೊಳ್ಳಲಿಲ್ಲ.

ಈಗಲೂ ಆ ಕಡೆಯವರು ಅಂಗಡಿಗೆ ಬಂದರೆ, "ತಂಗಿಗೋಸ್ಕರ ತಪ್ಪ ಒತ್ಕಂಡ ಅಣ್ಣ ಇವ್ನೇ" ಎಂದು ಪಕ್ಕದವರಿಗೆ ತೋರಿಸುತ್ತಾರೆ. ನನ್ನ ಮೈಯೆಲ್ಲ ಉರಿಯುತ್ತದೆ. ಬಾಯಿ ಬಿಡಬೇಕಾಗಿದ್ದದ್ದು ಅವಳು ಅಷ್ಟು ಜನರ ಎದುರು ಒಬ್ಬಳೇ ನಿಂತಿದ್ದಾಗ. ಆಮೇಲೆ ಹೇಳಿದ ನಿಜದಿಂದ ಅವಳ ಹೆಸರು ಉಳಿಯಲಿಲ್ಲ, ನನಗೆ ಇನ್ನೊಂದು ಹೊಗಳಿಕೆ ಸಿಕ್ಕಿತು ಅಷ್ಟೇ.