ಬಲಗೈಗೆ ರಜೆ

ಉಮರಸಾಬರ ಬಲಗೈಯಲ್ಲಿ ಈಗ ಉಳಿದಿರುವುದು ಹೆಬ್ಬೆರಳು ಮತ್ತು ಕಿರುಬೆರಳು. ನಡುವಿನ ಮೂರನ್ನು ಗಂಗಾವತಿಯ ಅಕ್ಕಿ ಗಿರಣಿಯೊಂದರ ಬೆಲ್ಟು ಹೋದ ಹಂಗಾಮಿನಲ್ಲಿ ತೆಗೆದುಕೊಂಡಿತು. ಇಪ್ಪತ್ತೆಂಟು ವರ್ಷ ಅದೇ ಗಿರಣಿಯ ಎಲೆಕ್ಟ್ರಿಷಿಯನ್ ಆಗಿದ್ದ ಮನುಷ್ಯ. ಬೆಲ್ಟಿಗೆ ಹಳೆಯ ಪರಿಚಯದ ದಾಕ್ಷಿಣ್ಯವೇನೂ ಇರಲಿಲ್ಲ.

ಮೊದಮೊದಲು ಜನ ಅಭ್ಯಾಸಬಲದಿಂದ ಕೈ ಕುಲುಕಲು ಬರುತ್ತಿದ್ದರು. ಅರ್ಧ ದಾರಿಯಲ್ಲಿ ನೆನಪಾಗಿ, ಚಾಚಿದ ಕೈಯನ್ನು ತಲೆಗೆ ಒಯ್ದು ಕೂದಲು ಸರಿಮಾಡಿಕೊಳ್ಳುತ್ತಿದ್ದರು. ಬೋಳುತಲೆಯವರು ಕೂಡ.

ಗಿರಣಿ ಮಾಲಕ ಮರಿಸ್ವಾಮಿ ಕೆಟ್ಟವನಲ್ಲ. ಆಸ್ಪತ್ರೆಗೆ ಬಿಸ್ಕೀಟು ಹಿಡಿದು ಮೂರು ಸಲ ಬಂದಿದ್ದ. ನಾಲ್ಕನೆಯ ಸಲ ಮನೆಗೇ ಬಂದು ಮಾತು ತೆಗೆದ.

“ಉಮರಸಾಬರ, ಹೊಸ ಹಂಗಾಮಿಗೆ ಪ್ಯಾನಲ್ ಮುಂದ ಕೂಡ್ರಿ. ಎಡಗೈಲೆ ಭತ್ತದ ಗೇಟಿನ ಹಿಡಿಕಿ, ಬಲಗೈಲೆ ಮಷಿನ್ ಬಂದ್ ಮಾಡೋ ಕೆಂಪು ಬಟನ್. ಏಣಿ ಹತ್ತೋದಿಲ್ಲ, ಇಳಿಯೋದಿಲ್ಲ. ಆದ್ರ ಮೊದಲ ಒಂದ್ ತಾಸು ನಡಿಸಿ ತೋರಸ್ರಿ. ಕೆಂಪು ಬಟನ್ನಿಗೆ ಕೈ ಹೋಗಲಾರದವರನ್ನ ನಾ ಅಲ್ಲಿ ಕೂಡ್ರಸಂಗಿಲ್ಲ.”

“ಹಂಗಾಮಿಗೆ ಇನ್ನ ಎಷ್ಟು ದಿನ ಐತ್ರಿ?”

“ನಾಕು ತಿಂಗಳು.”

ಐವತ್ಮೂರು ವರ್ಷದ ಉಮರಸಾಬರಿಗೆ ಗಿರಣಿ ಬಿಟ್ಟರೆ ಬೇರೆ ಊರು ಗೊತ್ತಿರಲಿಲ್ಲ ಎಂದರೂ ನಡೆಯುತ್ತದೆ. ಸೈರನ್ ಕೂಗಿದರೆ ಏಳಬೇಕು, ಸೈರನ್ ಕೂಗಿದರೆ ಉಣ್ಣಬೇಕು. ಅಪಘಾತವಾದ ಮೇಲೂ ಬೆಳಗಿನ ಸೈರನ್ನಿಗೆ ಎದ್ದು, ಅಂಗಿ ತೊಟ್ಟು, ಹೋಗುವ ಜಾಗ ನೆನಪಾಗದೆ ಹಾಸಿಗೆಯ ಮೇಲೆ ಮತ್ತೆ ಕೂಡುತ್ತಿದ್ದರು. ಪ್ಯಾನಲ್ ಮುಂದಿನ ಆ ಕುರ್ಚಿ ಅವರಿಗೆ ಬೇಕೇ ಬೇಕಿತ್ತು.

ಪ್ರತಿ ಸೋಮವಾರ ಬಸ್ಸಿನಲ್ಲಿ ಕೊಪ್ಪಳಕ್ಕೆ ಹೋಗಿ ಫಿಜಿಯೋಥೆರಪಿ ಮಾಡಿಸಿಕೊಂಡು ಬರುತ್ತಿದ್ದರು. ಅಲ್ಲಿಯ ಭವಾನಿ ಮೇಡಂ ಒಂದು ರಬ್ಬರ್ ಚೆಂಡು ಕೊಟ್ಟು ಹೇಳಿದ್ದರು: “ಉಳಿದ ಎರಡು ಬೆರಳಿಗೆ ದಿನಾ ಕೆಲಸ ಕೊಡ್ರಿ. ಎಡಗೈ ಅದರ ಕೆಲಸ ಮಾಡಿಕೊಡಾಕ ಬರತೈತಿ, ಬಿಡಬ್ಯಾಡ್ರಿ. ಬಿಟ್ರ ಈ ಕೈ ಮಲಗಿಬಿಡತೈತಿ.”

ಬಾಗಿಲಲ್ಲಿ ಕೂತು ಚೆಂಡು ಹಿಸುಕುವುದು ವಾರದೊಳಗೆ ಬೇಸರ ತರಿಸಿತು. ಎದುರು ಮನೆಯ ಕೋಳಿಗಳು ಸಹ ನಿಂತು ನೋಡಿ ಹೋಗುತ್ತಿದ್ದವು. ಆಗ ಪಕ್ಕದ ಓಣಿಯ ಗೌರೀಶ ಮಾಸ್ತರರು ಬಂದರು.

ಗೌರೀಶ ಮಾಸ್ತರರು ಖಾಸಗಿ ಶಾಲೆಯೊಂದರಲ್ಲಿ ಕಂಪ್ಯೂಟರ್ ಕಲಿಸುತ್ತಾರೆ. ಒಳ್ಳೆಯವರು, ಒಂದೇ ಚಟ, ವಿಂಡೋಸಿನ ಬದಲು ಪುಕ್ಕಟೆ ಸಿಗುವ ಲಿನಕ್ಸ್. ಮದುವೆಯ ಕಾರ್ಡು ಕೊಡಲು ಹೋದ ಮನೆಯಲ್ಲೂ ಅಲ್ಲಿಯ ಕಂಪ್ಯೂಟರಿಗೆ ಲಿನಕ್ಸ್ ಹಾಕದೆ ಎದ್ದು ಬಂದವರಲ್ಲ. ಕನಕಗಿರಿಯಲ್ಲಿರುವ ಅವರ ಷಡ್ಡಕ ಇವರು ಬರುವ ಸುದ್ದಿ ಸಿಕ್ಕ ಕೂಡಲೇ ಕಂಪ್ಯೂಟರಿಗೆ ಚಾದರ ಹೊದಿಸಿ, ಮೇಲೊಂದು ದೇವರ ಫೋಟೋ ಇಡುತ್ತಾನೆ.

“ಚೆಂಡು ಬಿಡ್ರಿ. ವಿಡಿಯೋ ಗೇಮ್ ಆಡ್ರಿ. ಎರಡೂ ಕೈಯಾಗ ಕಂಟ್ರೋಲರ್ ಹಿಡಿಬೇಕು, ಎಲ್ಲಾ ಬೆರಳಿಗೂ ಕೆಲಸ ಇರತೈತಿ,” ಎಂದರು ಮಾಸ್ತರರು.

“ಇದ್ದದ್ದ ಎರಡು ಬೆರಳ್ರಿ.”

“ಆ ಎರಡಕ್ಕ ಅಂತನ ಹೇಳಾಕತ್ತೀನಿ.”

ಶಾಲೆಯಲ್ಲಿ ಮೂಲೆಗೆ ಹಾಕಿದ್ದ ಕಂಪ್ಯೂಟರ್ ಬಂತು. ಹೊಸ ವಿಂಡೋಸ್ ಅದನ್ನು ಮುಟ್ಟಲೂ ಒಪ್ಪಿರಲಿಲ್ಲ. ಮಾಸ್ತರರ ಲಿನಕ್ಸ್ ಒಪ್ಪಿತು. ಆಸೀಫನ ಮೊಬೈಲ್ ಅಂಗಡಿಯಲ್ಲಿ ಯಾರೋ ಮಾರಿಹೋಗಿದ್ದ ಹಳೆಯ ಕಂಟ್ರೋಲರ್ ಸಿಕ್ಕಿತು. ಸಿಕ್ಕಿಸಿದರೆ ದೀಪ ಹತ್ತಿತು, ಆರಿತು. ಮಾಸ್ತರರು ಡ್ರೈವರ್ ಎಂಬ ಪ್ರೋಗ್ರಾಮು ಸರಿಯಿಲ್ಲವೆಂದು ಒಂದು ತಾಸು ಕಪ್ಪು ಪರದೆಯ ಮೇಲೆ ಏನೇನೋ ಹೊಡೆದರು. ಉಮರಸಾಬರು ಸುಮ್ಮನೆ ನೋಡಿ, ಎಡಗೈಯಿಂದ ವೈರು ಕಿತ್ತು ಹಿಂದಿನ ಯುಎಸ್‌ಬಿ ಪೋರ್ಟಿಗೆ ಹಾಕಿದರು. ದೀಪ ನಿಂತಿತು.

“ಮುಂದಿಂದು ಲೂಸ್ ಕನೆಕ್ಷನ್ ಐತ್ರಿ.”

“ಹೌದಾ? ಅದನ್ನೂ ಒಂದ್ಸಲ ನೋಡವನ ಇದ್ದೆ,” ಎಂದರು ಮಾಸ್ತರರು, ಬೆವರು ಒರೆಸಿಕೊಳ್ಳುತ್ತ.

ಆಟ ಲಾರಿ ರೇಸಿನದು, ವಿಂಡೋಸಿಗಾಗಿ ಮಾಡಿದ್ದು. ನಡುವೆ ಒಂದು ದುಭಾಷಿ ಪ್ರೋಗ್ರಾಮು ಕೂತು, ಆಟ ಹೇಳಿದ್ದನ್ನು ಲಿನಕ್ಸಿಗೆ ತಿಳಿಯುವ ಹಾಗೆ ಹೇಳುತ್ತದೆಂದು ಮಾಸ್ತರರು ವಿವರಿಸಿದರು. ದುಭಾಷಿಗೆ ಏದುಸಿರು ಹತ್ತಿತ್ತು. ಸೆಕೆಂಡಿಗೆ ಹನ್ನೊಂದೇ ಚಿತ್ರ ಬರುತ್ತಿದ್ದವು. ಲಾರಿ ಕುಂಟುತ್ತ ಹೊರಟಿತು. ಮಾಸ್ತರರು ಮೊದಲು ನೆರಳು ತೆಗೆದರು, ಆಮೇಲೆ ಹುಲ್ಲು, ಆಮೇಲೆ ನೋಡುವ ಜನ, ಕೊನೆಗೆ ಗಿಡಮರ. ಚಿತ್ರಗಳು ಮೂವತ್ತಾದವು. ರಸ್ತೆ ಬೋಳಾಗಿ, ಬೇಸಿಗೆಯ ಹನುಮಸಾಗರದ ದಾರಿಯಂತಾಯಿತು.

“ಪರ್ಫಾರ್ಮನ್ಸ್ ನೋಡ್ರಿ ಈಗ!”

“ಗಿಡ ಕಡಿದು ರಸ್ತಾ ಮಾಡೋದು ನಮಗೇನ್ ಹೊಸಾದಲ್ಲ ಬಿಡ್ರಿ.”

ತೊಂದರೆ ಇದ್ದದ್ದು ಮುಂದೆ. ಲಾರಿಯ ವೇಗ ಬಲಗೈ ತೋರುಬೆರಳಿನ ಕೆಳಗಿನ ಒತ್ತುಗುಂಡಿಯಲ್ಲಿತ್ತು, ಆ ಬೆರಳು ಬೆಲ್ಟಿನ ಪಾಲಾಗಿತ್ತು. ಉಮರಸಾಬರು ಕಿರುಬೆರಳನ್ನು ಅಲ್ಲಿಯವರೆಗೆ ಎಳೆದು ಒತ್ತಿದರು. ಜಾರಿತು. ಮತ್ತೆ ಒತ್ತಿದರು. ಹೊಲಿಗೆ ಹಾಕಿದ ಜಾಗ ಸುಟ್ಟಂತೆ ಉರಿಯಿತು. ಮೂರು ವಾರ ಹೀಗೇ ನಡೆಯಿತು. ಎಂಟು ಲಾರಿಗಳ ರೇಸಿನಲ್ಲಿ ದಿನಾ ಎಂಟನೆಯವರು ಅವರೇ. ಆದರೆ ಕಿರುಬೆರಳು ಮೊದಲ ವಾರ ಗುಂಡಿಯ ಮೇಲೆ ಎರಡು ಉಸಿರಿನಷ್ಟು ಹೊತ್ತು ನಿಲ್ಲುತ್ತಿದ್ದದ್ದು ಮೂರನೆಯ ವಾರಕ್ಕೆ ಹತ್ತು ಉಸಿರು ನಿಲ್ಲುತ್ತಿತ್ತು. ಇದನ್ನು ಲೆಕ್ಕ ಇಟ್ಟವಳು ಹೆಂಡತಿ ಬಾಷಾಬಿ ಒಬ್ಬಳೇ, ಅಡುಗೆಮನೆಯ ಬಾಗಿಲಿನಿಂದ.

ಉಮರಸಾಬರು ಸ್ಕ್ರೀನಿನ ಮೇಲಿನ ಎಂಟನ್ನಷ್ಟೇ ನೋಡಿದರು. ಒಂದು ಸಂಜೆ ಕಂಟ್ರೋಲರ್ ಕೆಳಗಿಟ್ಟು ಕೇಳಿದರು: “ಮಾಸ್ತರ್ರ, ಮೋಟರ್ ಉಲ್ಟಾ ತಿರುಗಿದ್ರ ನಾವೇನ್ ಮಾಡ್ತೀವಿ? ಮೋಟರಿಗೆ ಬುದ್ಧಿ ಹೇಳ್ಕೋತ ಕೂಡ್ತೀವೇನು? ಎರಡು ವೈರು ಅದಲು ಬದಲು ಮಾಡ್ತೀವಿ, ಸೀದಾ ತಿರಗತೈತಿ. ಇದರಾಗ ಹಂಗ ಮಾಡಾಕ ಬರಂಗಿಲ್ಲೇನು?”

ಮಾಸ್ತರರ ಮುಖ ಅರಳಿತು. “ಲಿನಕ್ಸಿನ್ಯಾಗ ಬರಂಗಿಲ್ಲ ಅನ್ನೋದ ಇಲ್ರಿ!”

ಅರ್ಧ ತಾಸಿನಲ್ಲಿ ವೇಗ ಎಡಗೈ ತೋರುಬೆರಳಿಗೆ ಬಂತು, ಬ್ರೇಕು ಅದರ ಮೇಲಿನ ಗುಂಡಿಗೆ ಬಂತು, ದಾರಿ ತಿರುಗಿಸುವುದು ಎಡ ಹೆಬ್ಬೆರಳಿನಲ್ಲಿ ಮೊದಲೇ ಇತ್ತು. ಬಲಗೈಗೆ ಉಳಿದದ್ದು ಕಂಟ್ರೋಲರ್ ಬೀಳದಂತೆ ಹಿಡಿಯುವ ಕೆಲಸ.

“ಮೇಡಂ ಬಲಗೈಗೆ ಕೆಲಸ ಕೊಡ್ರಿ ಅಂದಿದ್ರಲ್ರಿ?” ಎಂದಳು ಬಾಷಾಬಿ.

“ಹಿಡಕೊಂಡೈತಲ್ಲ? ಅದೂ ಕೆಲಸನ,” ಎಂದರು ಉಮರಸಾಬರು.

ಮರುದಿನ ಐದನೆಯ ಸ್ಥಾನ. ವಾರಕ್ಕೆ ಎರಡನೆಯದು. ಹತ್ತನೆಯ ದಿನ ಉಮರಸಾಬರ ಲಾರಿ ಮೊದಲು ಬಂತು, ಗಿಡವಿಲ್ಲದ ರಸ್ತೆಯ ಮೇಲೆ ಬಣ್ಣದ ಕಾಗದ ಸುರಿಯಿತು. ಅಪಘಾತದ ನಂತರ ಅವರು ಮೊದಲ ಸಲ ನಕ್ಕಿದ್ದು ಅಂದೇ. ಬಾಷಾಬಿ ಮತ್ತೆ ಬಲಗೈಯ ಮಾತೆತ್ತಲಿಲ್ಲ. ಆ ನಗುವನ್ನು ಕಳೆಯುವ ಧೈರ್ಯ ಆಕೆಗೆ ಬರಲಿಲ್ಲ. ಕೊಪ್ಪಳದಲ್ಲಿ ಭವಾನಿ ಮೇಡಂ ಕೇಳಿದಾಗ “ದಿನಾ ಎರಡು ತಾಸು ಮಾಡ್ತೀನ್ರಿ” ಎಂದರು ಉಮರಸಾಬರು. ಅದು ಸುಳ್ಳೂ ಆಗಿರಲಿಲ್ಲ.

ಗಿರಣಿಯ ಹಮಾಲ ಓಬಳೆಪ್ಪ ಸಂಜೆ ರೇಸು ನೋಡಲು ಬರತೊಡಗಿದ. ಇಬ್ಬರೂ ಇಪ್ಪತ್ತು ವರ್ಷದ ಜೊತೆಗಾರರು.

“ಭಾಯಿ, ಮಾಲಕನ್ನ ಇಲ್ಲೇ ಕರಕೊಂಡ ಬರ್ತೀನಿ ತಡಿ. ಈ ಲಾರಿ ನೋಡಿದ್ರ ಪ್ಯಾನಲ್ ಅಲ್ಲ, ಗಿರಣಿನ ನಿನ್ನ ಕೈಗೆ ಕೊಡ್ತಾನ.”

“ನಿನ್ನ ಕೂಲಿ ಮೊದಲ ಕಡಿಮಿ ಮಾಡ್ತೀನಲೇ ಹಂಗಾದ್ರ.”

ನಾಲ್ಕು ತಿಂಗಳು ಮುಗಿದು, ಪರೀಕ್ಷೆಯ ದಿನ ಉಮರಸಾಬರು ಇಸ್ತ್ರಿ ಅಂಗಿ ಹಾಕಿಕೊಂಡು ಹೋದರು. ಗೌರೀಶ ಮಾಸ್ತರರು ಅರ್ಧ ದಿನ ರಜೆ ಹಾಕಿ, ತಮ್ಮದೇ ರಿಸಲ್ಟ್ ಎಂಬಂತೆ ಬಂದು ನಿಂತರು. ಉಮರಸಾಬರು ಪ್ಯಾನಲ್ ಮುಂದೆ ಕೂತು ಎಡಗೈಯಲ್ಲಿ ಗೇಟಿನ ಹಿಡಿಕೆ ಹಿಡಿದರು. ಎಳೆದರೆ ಭತ್ತ ಹೆಚ್ಚು, ಬಿಟ್ಟರೆ ಕಡಿಮೆ. ಕೆಂಪು ಬಟನ್ ಬಲಗಡೆ ಮೊಣಕೈ ಅಳತೆಯಲ್ಲಿತ್ತು. ಬಲಗೈ ತೊಡೆಯ ಮೇಲಿತ್ತು.

ನಲವತ್ತು ನಿಮಿಷ ಯಂತ್ರ ಹದವಾಗಿ ನಡೆಯಿತು. ಮರಿಸ್ವಾಮಿ ಎರಡು ಸಲ ತಲೆದೂಗಿದ. ಓಬಳೆಪ್ಪ ಕೆಳಗೆ ಭತ್ತ ಬೀಳುವ ತಗ್ಗಿಗೆ ಇಳಿದು ಬಾಗಿ, ಚೆಲ್ಲಿದ ಭತ್ತ ಬಳಿಯುತ್ತಿದ್ದ. ಅವನ ಕೊರಳಲ್ಲಿದ್ದ ಟವೆಲ್ಲಿನ ಚುಂಗು ಬೆಲ್ಟಿನ ಬಾಯಿಗೆ ಸಿಕ್ಕಿತು.

“ಬಂದ್ ಮಾಡ್ರಿ! ಬಂದ್!” ಮರಿಸ್ವಾಮಿ ಕೂಗಿದ.

ಉಮರಸಾಬರು ಕಂಡರು. ಕಂಡ ಕೂಡಲೇ ಅವರ ಕೈ ಬ್ರೇಕು ಒತ್ತಿತು. ಮೂರು ತಿಂಗಳು ಆಟದಲ್ಲಿ ಬ್ರೇಕು ಇದ್ದ ಕಡೆ ಒತ್ತಿತು, ಎಡಗೈಯಲ್ಲಿ. ಬೆರಳು ಬಿಗಿದಂತೆ ಹಿಡಿಕೆ ಪೂರ್ತಿ ಎಳೆದುಬಂತು, ಗೇಟು ಬಾಯಿ ತೆರೆದು ಭತ್ತ ತಗ್ಗಿಗೆ ಸುರಿಯಿತು. ಓಬಳೆಪ್ಪನ ಮೊಣಕಾಲು ಮುಳುಗಿದವು. ಉಮರಸಾಬರು ಇನ್ನಷ್ಟು ಬಲವಾಗಿ ಒತ್ತಿದರು. ಬಲಗೈ ತೊಡೆಯ ಮೇಲೆ ಅಲ್ಲಾಡದೆ ಕೂತಿತ್ತು, ಬೀಳದಂತೆ ಏನನ್ನೋ ಹಿಡಿದುಕೊಂಡ ಹಾಗೆ.

ಕೆಂಪು ಬಟನ್ ಒತ್ತಿದವನು ಮರಿಸ್ವಾಮಿ, ಓಡಿ ಬಂದು. ಬೆಲ್ಟು ನಿಂತಿತು. ಟವೆಲ್ ಹಳೆಯದಿತ್ತು, ಹರಿಯಿತು, ಅದಕ್ಕೇ ಓಬಳೆಪ್ಪ ಉಳಿದ. ಅವನ ಕೊರಳಿನ ಸುತ್ತ ಕೆಂಪು ಗೆರೆ ಬಿದ್ದಿತ್ತು. ಕೆಮ್ಮುತ್ತ ಭತ್ತದ ಮೇಲೆ ಕೂತ.

“ಬಟನ್ ಕಾಣಲಿಲ್ಲೇನ್ರಿ?” ಮರಿಸ್ವಾಮಿ ಬಟನ್ನಿನಿಂದ ಕೈ ತೆಗೆಯದೆ ಕೇಳಿದ.

“ಕಂಡಿತ್ರಿ. ಕೈ ಏಳಲಿಲ್ಲ.”

ಯಾರೂ ಬೈಯಲಿಲ್ಲ. ಮರಿಸ್ವಾಮಿ ಚಹಾ ತರಿಸಿದ. ಉಮರಸಾಬರು ಅದನ್ನು ಕುಡಿದು, ಲೋಟ ಎಡಗೈಯಿಂದ ಕೆಳಗಿಟ್ಟು, ತಾವೇ ಎದ್ದರು. “ಬ್ಯಾರೇದವರನ್ನ ನೋಡ್ರಿ, ಮಾಲಕರ,” ಎಂದರು.

ಮಾಸ್ತರರು ಮನೆಯವರೆಗೂ ಜೊತೆಗೆ ಬಂದರು. ಬಾಗಿಲಲ್ಲಿ ಉಮರಸಾಬರು ತಿರುಗಿ ಹೇಳಿದರು.

“ಒಳಗ ಬರ್ರಿ. ವೈರು ಮೊದಲಿನಂಗ ಮಾಡಿ ಕೊಡ್ರಿ.”

“ಈಗ್ಯಾಕ್ರಿ ಅದು? ಉಮರಸಾಬರ, ನಾನ…”

“ನೀವು ಕೇಳಿದ್ದು ಮಾಡಿಕೊಟ್ರಿ. ಕೇಳಿದಾವ ನಾನು. ಬರ್ರಿ.”

ಮಾಸ್ತರರು ಎರಡು ನಿಮಿಷದಲ್ಲಿ ಮಾಡಿಕೊಟ್ಟರು. ಲಿನಕ್ಸ್ ಬಗ್ಗೆ ಒಂದು ಮಾತೂ ಆಡದೆ ಎದ್ದು ಹೋದದ್ದು ಅವರ ಜನ್ಮದಲ್ಲಿ ಅದೇ ಮೊದಲು.

ಹಂಗಾಮು ಶುರುವಾಯಿತು. ಪ್ಯಾನಲ್ ಮುಂದೆ ಬೇವೂರಿನ ಕಡೆಯವನೊಬ್ಬ, ಹತ್ತೂ ಬೆರಳಿನವನು, ಕೂತಿದ್ದಾನೆ. ಸಂಜೆ ಸೈರನ್ ಆದ ಮೇಲೆ ಓಬಳೆಪ್ಪ ಈಗಲೂ ಬರುತ್ತಾನೆ. ಹೊಸ ಟವೆಲ್ಲನ್ನು ಕೊರಳಿಗೆ ಹಾಕುವುದಿಲ್ಲ, ಸೊಂಟಕ್ಕೆ ಬಿಗಿದಿರುತ್ತಾನೆ. ಮೊದಲಿನಂತೆ ಚಾಷ್ಟಿ, ತಮಾಷೆ ಮಾಡುವುದಿಲ್ಲ. ಬಾಷಾಬಿ ಕೊಟ್ಟ ಚಹಾ ಹಿಡಿದು ಸ್ಕ್ರೀನು ನೋಡುತ್ತಾನೆ.

ಉಮರಸಾಬರು ಬಲಗೈ ಕಿರುಬೆರಳನ್ನು ಗುಂಡಿಯವರೆಗೆ ಎಳೆದು ಒತ್ತುತ್ತಾರೆ. ಹತ್ತು ಉಸಿರಿನ ಶಕ್ತಿ ಎಂದೋ ಹೋಗಿದೆ, ಈಗ ಎರಡೇ. ಬೆರಳು ಜಾರುತ್ತದೆ, ಲಾರಿ ಗೋಡೆಗೆ ಬಡಿಯುತ್ತದೆ. ಮತ್ತೆ ಎಳೆದು ಇಡುತ್ತಾರೆ.

“ಎಷ್ಟನೇ ನಂಬರ್ ಭಾಯಿ?” ಓಬಳೆಪ್ಪ ಕೇಳುತ್ತಾನೆ, ಕಾಣುತ್ತಿದ್ದರೂ.

“ಎಂಟು.”

ಲಾರಿಗಳು ಇರುವುದೇ ಎಂಟು.