ಕಂಪ್ಲಿಗೆ ಹೋದ ಹಸಿರು ಪಟ್ಟಿ

ಆ ಬೆಳಿಗ್ಗೆಯೂ ಎಂದಿನಂತೆ ಅಂಗಳಕ್ಕೆ ನೀರು ಹಾಕಿ, ಹಾಲು ಕಾಯಿಸಿ, ದೇವರ ಮುಂದೆ ದೀಪ ಹಚ್ಚಿದೆ. ಪಕ್ಕದಲ್ಲೇ ಮಗಳು ವೀಣಾ ಇಟ್ಟಿದ್ದ ಸ್ಟೀಲ್ ಡಬ್ಬಿ. ಅದರೊಳಗೆ ಅವಳೇ ಮಾಡಿದ, ಅಂಗೈಯಷ್ಟು ಉದ್ದದ ಒಂದು ಪ್ಲಾಸ್ಟಿಕ್ ಪಟ್ಟಿ, ಮೇಲೆ ಕಡು ಹಸಿರು ಲೇಪ. ನಮ್ಮ ಮನೆಯಲ್ಲಿ ಮಿಕ್ಸಿಯಾಗಲಿ ಸೈಕಲ್ಲಾಗಲಿ, ಹೊಸದು ಬಂದರೆ ವಿಭೂತಿ ಹಚ್ಚದೆ ಕೆಲಸಕ್ಕೆ ಇಳಿಸುವುದಿಲ್ಲ. ವೀಣಾ ಸ್ನಾನಕ್ಕೆ ಹೋಗಿದ್ದಳು. ಒದ್ದೆ ವಿಭೂತಿಯಲ್ಲಿ ಮೂರು ಬೆರಳು ಅದ್ದಿ ಪಟ್ಟಿಯ ಮೇಲೆ ಎಳೆದೆ. ನೋಡಿದರೆ ಬೈದಾಳೆಂದು ಸ್ವಲ್ಪ ಹೊತ್ತು ಬಿಟ್ಟು ಸೆರಗಿನಿಂದ ಒರೆಸಿ, ಮುಚ್ಚಳ ಹಾಕಿದೆ.

ಎಂಟಕ್ಕೆ ಹೊಸಪೇಟೆ ನಿಲ್ದಾಣದಲ್ಲಿ ಕಂಪ್ಲಿ ಬಸ್ಸು. ಹೆಂಗಸರಿಗೆ ಟಿಕೆಟ್ಟು ಪುಕ್ಕಟೆ. ಗುರುತಿನ ಚೀಟಿ ತೋರಿಸಿ ಕಿಟಕಿ ಪಕ್ಕ ಕೂತೆವು. ಕಂಪ್ಲಿಯ ಅಕ್ಕಿ ಮಿಲ್ಲು ನನ್ನ ತವರಿನದು, ಈಗ ಅಣ್ಣ ನಡೆಸುತ್ತಾನೆ. ಭತ್ತದ ತೇವ ಅಳೆಯುವ ಈ ಪಟ್ಟಿಯನ್ನು ಒಂದು ಸುಗ್ಗಿಯಾದರೂ ಮಿಲ್ಲಿನಲ್ಲಿಟ್ಟು ನೋಡದಿದ್ದರೆ ವೀಣಾಳ ಸಂಶೋಧನೆ ಮುಂದೆ ಹೋಗದು. ಬೇರೆ ಮಿಲ್ಲಿನವರು ಒಳಗೇ ಬಿಟ್ಟಿರಲಿಲ್ಲ. ಅಣ್ಣ ಮಾತ್ರ, "ಒಂದಿನ ತಂದು ತೋರ್ಸು, ನಡದ್ರ ಇಟ್ಕೋಂತೀನಿ" ಎಂದಿದ್ದ.

"ಪ್ಲಾಸ್ಟಿಕ್ಕಿನೊಳಗ ಕರೆಂಟ್ ಹರಿಯೋದು ಹೆಂಗ?" ಎಂದು ಕಮಲಾಪುರ ದಾಟುವಾಗ ಕೇಳಿದೆ.

"ಅಮ್ಮ, ನೀ ಕ್ರೋಶಾ ಹಾಕ್ತೀಯಲ್ಲ, ಒಂದು ಒಂಟಿ ಕುಣಿಕೆ, ಒಂದು ಜೋಡಿ. ಇದರ ಕಣಗಳ ಸರಪಳ್ಯಾಗೂ ಹಂಗ ಒಂಟಿ ಬಂಧ, ಜೋಡಿ ಬಂಧ, ಸಾಲಾಗಿ ಇರ್ತಾವ. ಅದರ ಗುಂಟ ಕರೆಂಟ್ ಓಡತೈತಿ. ಇಂಥಾದ್ರಿಂದ ಟ್ರಾನ್ಸಿಸ್ಟರ್ರೂ ಮಾಡ್ತಾರ."

ಟ್ರಾನ್ಸಿಸ್ಟರ್ ಎಂದೊಡನೆ ನನಗೆ ಕಂಡದ್ದು ಮಿಲ್ಲಿನಲ್ಲಿ ಅಪ್ಪನ ಗಾದಿಯ ಪಕ್ಕ ಹಾಡುತ್ತಿದ್ದ ರೇಡಿಯೊ. ಹೊರಗೆ ಹಂಪಿಯ ಗುಂಡುಕಲ್ಲುಗಳು ಹಿಂದೆ ಸರಿದವು. ಬುಕ್ಕಸಾಗರದಲ್ಲಿ ರಸ್ತೆಯ ಅಂಚಿಗೆಲ್ಲ ಭತ್ತ ಹರಡಿದ್ದರು. ಆ ವಾಸನೆಗೆ ಅಪ್ಪ ಇನ್ನಷ್ಟು ಹತ್ತಿರ ಬಂದ. ಭತ್ತದ ಗಾಡಿ ಬಂದೊಡನೆ ಒಂದು ಕಾಳು ಬಾಯಿಗೆ ಹಾಕಿ ಕಟ್ ಎಂದು ಕಡಿಯುತ್ತಿದ್ದ. ಸದ್ದು ಗಟ್ಟಿಯಿದ್ದರೆ ಒಣಗಿದ ಭತ್ತ. ಮೆತ್ತಗಿದ್ದರೆ, "ಇನ್ನೊಂದು ಬಿಸಿಲು ಕೊಡ್ರಿ" ಎನ್ನುತ್ತಿದ್ದ.

ಮಿಲ್ಲಿನಲ್ಲಿ ವೀಣಾ ಡಬ್ಬಿ ತೆಗೆದಳು. ಹಸಿರು ಲೇಪದ ಮೇಲೆ ಮೂರು ನೀಲಿ ಗೆರೆ. ತಾನು ತಂದಿದ್ದ ಮೀಟರಿನ ತಂತಿ ಸಿಕ್ಕಿಸಿದರೆ ಮುಳ್ಳು ಅಲುಗಲಿಲ್ಲ.

"ಏನ್ವಾ, ನಿನ್ನ ಪಟ್ಟಿ ಮಲ್ಕೊಂಡೈತೇನು?" ಎಂದು ಅಣ್ಣ ನಕ್ಕ.

ವೀಣಾ ನಗಲಿಲ್ಲ. "ಇರೋದು ಇದೊಂದೇ ಮಾಮ. ಇದಕ್ಕ ಯಾವುದೋ ಕ್ಷಾರ ತಾಗೈತಿ. ಹಂಗಾದ್ರ ನೀಲಿ ಆಗಿ ಕರೆಂಟ್ ಬಿಡೂದಿಲ್ಲ."

ಬೂದಿಯಲ್ಲಿರುವುದು ಕ್ಷಾರವೇ, ವಿಭೂತಿಯೂ ಬೂದಿಯೇ. "ನಾನs ವಿಭೂತಿ ಹಚ್ಚೀನಿ, ವೀಣಾ," ಎಂದೆ. ಅವಳು ತಂತಿ ಬಿಚ್ಚಿ, ಪಟ್ಟಿ ಪಕ್ಕಕ್ಕಿಟ್ಟು ಭತ್ತದ ರಾಶಿಯ ಕಡೆ ಮುಖ ಮಾಡಿದಳು. ಬೈದಿದ್ದರೆ ಚೆನ್ನಾಗಿತ್ತು.

ಅಷ್ಟರಲ್ಲಿ ಅತ್ತಿಗೆ ಒಗ್ಗರಣೆ ಮಂಡಕ್ಕಿ, ಮಿರ್ಚಿ ತಂದಿಟ್ಟರು. ತಟ್ಟೆಯಂಚಿಗೆ ಹೆಚ್ಚಿದ ನಿಂಬೆಹಣ್ಣು. ನಾನು ಓದಿದ ಸಂಡೂರಿನ ಕಾನ್ವೆಂಟಿನಲ್ಲಿ ವಿಜ್ಞಾನ ಕಲಿಸುವ ಸಿಸ್ಟರ್, ನೀಲಿ ಲಿಟ್ಮಸ್ ಕಾಗದದ ಮೇಲೆ ನಿಂಬೆರಸ ಹಿಂಡುತ್ತಿದ್ದರು; ಕೆಂಪಾಗುತ್ತಿದ್ದಂತೆ ಮುಂದಿನ ಬೆಂಚಿನ ನಾವೆಲ್ಲ ಕತ್ತು ಚಾಚುತ್ತಿದ್ದೆವು. ಕಿಟಕಿಯ ಸರಳಿನ ಮೇಲೆ ಕೂತಿರುತ್ತಿದ್ದ ಗಣಿಯ ಕೆಂಪು ಧೂಳೂ ನೆನಪಾಯಿತು.

"ಹುಳಿ ಹಾಕಿದ್ರ ತಿರುಗಿ ಹಸಿರು ಆಗೂದಿಲ್ಲೇನು?" ಎಂದು ಕೇಳಿದೆ.

ವೀಣಾ ಥಟ್ಟನೆ ತಿರುಗಿದಳು. "ಹಿಂಡು ಅಮ್ಮ."

ನಾನೇ ಹಿಂಡಿದೆ. ರಸ ಹರಡಿದಂತೆ ಗೆರೆಗಳು ಒಂದೊಂದಾಗಿ ಹಸಿರಿಗೆ ಕರಗಿದವು. ತೊಳೆದು ಬೀಸಣಿಗೆಯಲ್ಲಿ ಆರಿಸಿ ತಂತಿ ಸಿಕ್ಕಿಸಿದಾಗ ಮುಳ್ಳು ಎದ್ದಿತು.

ಕಾಳು ಕಡಿದು ಹೋಲಿಸಲು ಅಣ್ಣ ಅತ್ತಿಗೆಯನ್ನು ಕರೆದ. "ನನ್ನವು ಕಟ್ಟಿಸಿದ ಹಲ್ಲು, ಅವಕ್ಕೇನು ತಿಳೀತೈತಿ. ಎರಡು ವರ್ಷದಿಂದ ಅಂದಾಜಿನ ಮ್ಯಾಲೆ ನಡಸೀನಿ," ಎಂದು ಮೆಲ್ಲಗೆ ಹೇಳಿದ.

"ಅದಕ್ಕs ನುಚ್ಚು ಹೆಚ್ಚಾಗಿತ್ತು," ಎಂದರು ಅತ್ತಿಗೆ, ಕಾಳು ಕಡಿಯುತ್ತ.

ನಾಲ್ಕು ರಾಶಿಗಳಲ್ಲಿ ಮೂರಕ್ಕೆ ಅತ್ತಿಗೆಯ ಹಲ್ಲೂ ಪಟ್ಟಿಯೂ ಒಂದೇ ಹೇಳಿದವು. ನಾಲ್ಕನೆಯದಕ್ಕೆ ತಾಳೆ ತಪ್ಪಿತು. ವೀಣಾ ಅದನ್ನೂ ಬರೆದುಕೊಂಡಳು, ವಿಭೂತಿಯನ್ನೂ ನಿಂಬೆಯನ್ನೂ ಬಿಡದೆ.

"ಸುಗ್ಗಿ ಮುಗಿಯೂತನಕ ಇಲ್ಲೇ ಇರ್ಲಿ. ಹೊಸಾವು ಮಾಡಿ ತಾ," ಎಂದು ಅಣ್ಣ ಪಟ್ಟಿಯನ್ನು ಅಪ್ಪನ ಗಾದಿಯ ಪಕ್ಕದ ಗೂಡಿನಲ್ಲಿಟ್ಟ. ಹಿಂದೆ ರೇಡಿಯೊ ಇರುತ್ತಿದ್ದ ಜಾಗ. ಹೊರಡುವಾಗ ಬಾಗಿಲಲ್ಲಿ ನಿಂತು ಮತ್ತೊಮ್ಮೆ ನೋಡಿದೆ.

"ಹೊಸಾವು ಬಂದಾಗ ವಿಭೂತಿ ಡಬ್ಬಿಗೆ ಹಚ್ಚು, ಪಟ್ಟಿಗೆ ಬ್ಯಾಡ," ಎಂದಳು ವೀಣಾ ಬಸ್ಸಿನಲ್ಲಿ, ನನ್ನ ಹೆಗಲಿಗೆ ತಲೆಯಿಟ್ಟು.

ಮನೆ ತಲುಪಿದಾಗ ದೀಪ ಹಚ್ಚುವ ಹೊತ್ತು. ಎದುರುಮನೆಯ ಶರಣಮ್ಮ ಹೆಪ್ಪಿಗೆ ಮೊಸರು ಕೇಳಲು ಬಂದರು. ಬಟ್ಟಲು ಕೊಟ್ಟಾಗ ನನ್ನ ಕೈಯ ನಿಂಬೆ ವಾಸನೆ ಅವರ ಮೂಗಿಗೆ ಬಡಿಯಿತು.

"ಇಡೀ ದಿನ ಎಲ್ಲಿ ಹೋಗಿದ್ರೋ ಅನ್ಕೊಂಡಿದ್ದೆ. ಮನ್ಯಾಗs ಕುಂತು ಉಪ್ಪಿನಕಾಯಿ ಹಾಕಿದ್ರೇನ್ರಿ?"